13 ಚುಕ್ಕಿ, 5 ನಿಮಿಷ: 7ನೇ ತರಗತಿಯ ಸಮಮಿತಿ ಪಾಠದಲ್ಲಿ ದಿನನಿತ್ಯದ ರಂಗೋಲಿ

ಅಭ್ಯಾಸ ಬೋಧನೆಗಾಗಿ ನಾವು ಬರೆಯುವ ಪಾಠ ಯೋಜನೆಗಳಲ್ಲಿ ಉದ್ದೇಶಗಳ ಪಟ್ಟಿಯ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: 'ವಿದ್ಯಾರ್ಥಿಗಳಲ್ಲಿ ಸೃಜನಶೀಲತೆಯನ್ನು ಬೆಳೆಸುವುದು'. ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಮಿಕ್ಕ ಉದ್ದೇಶಗಳ ಎದುರು ಚಟುವಟಿಕೆಯನ್ನೂ ಪ್ರಶ್ನೆಯನ್ನೂ ಬರೆಯುತ್ತೇವೆ. ಈ ಸಾಲಿನ ಎದುರಿನ ಅಂಕಣ ಹೆಚ್ಚಾಗಿ ಖಾಲಿ ಇರುತ್ತದೆ, ಇಲ್ಲವೇ 'ಚಿತ್ರ ಬರೆದುಕೊಂಡು ಬರಲು ಹೇಳುವುದು' ಎಂದಿರುತ್ತದೆ. 40 ನಿಮಿಷದ ಅವಧಿಯಲ್ಲಿ ಸ್ಫೂರ್ತಿಯನ್ನು ಬಾ ಎಂದು ಕರೆದರೆ ಬರುತ್ತದೆಯೇ ಎಂಬ ಅನುಮಾನ ನಮ್ಮೆಲ್ಲರಿಗೂ ಇದೆ. ಅದನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ, ಅಷ್ಟೆ.

ಈ ಲೇಖನ ಆ ಖಾಲಿ ಅಂಕಣದ ಕುರಿತದ್ದು. ಮೈಸೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳು ನಾನು 7ನೇ ತರಗತಿಗೆ ಗಣಿತ ಬೋಧಿಸಿದೆ. ಪಾಲಿಗೆ ಬಂದ ಘಟಕ 'ಸಮಮಿತಿ'. ಬಳಸಿದ ಬೋಧನೋಪಕರಣ ಚುಕ್ಕಿ ರಂಗೋಲಿ. ನನ್ನ ಅನುಭವದಲ್ಲಿ ಸ್ಫೂರ್ತಿ ಕೆಲಸಕ್ಕಿಂತ ಮುಂಚೆ ಬಂದು ಬಾಗಿಲಲ್ಲಿ ಕಾಯುವುದಿಲ್ಲ. ದಿನವೂ ಮಾಡುವ, ಚಿಕ್ಕ, ನಿಯಮಕ್ಕೆ ಕಟ್ಟುಬಿದ್ದ ಕೈಕೆಲಸದ ನಡುವೆ ಅದು ಬರುತ್ತದೆ. ಬರಲು ಜಾಗ ಮಾಡಿಕೊಡುವುದನ್ನು ಪಾಠ ಯೋಜನೆಯಲ್ಲಿ ಬರೆಯಬಹುದು. ಈ ಮಾತಿಗೆ ನನ್ನ ಬಳಿ ಇರುವ ಆಧಾರ ಒಂದು ತರಗತಿ ಮತ್ತು ಸುಮಾರು 20 ದಿನಗಳ ಟಿಪ್ಪಣಿ.

ನಮ್ಮ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಸೃಜನಶೀಲತೆಗೆ ಒಂದು ಅಧ್ಯಾಯವೇ ಇದೆ. ಗ್ರಹಾಂ ವಾಲಸ್ 1926ರಲ್ಲಿ ಹೇಳಿದ ನಾಲ್ಕು ಹಂತಗಳನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ: ಸಿದ್ಧತೆ, ಕಾವು ಕೂರುವುದು, ಹೊಳಹು, ತಾಳೆ ನೋಡುವುದು. ಟೊರಾನ್ಸ್ ಹೇಳುವ ನಿರರ್ಗಳತೆ, ನಮ್ಯತೆ, ಸ್ವಂತಿಕೆ, ವಿಸ್ತರಣೆ ಎಂಬ ನಾಲ್ಕು ಅಂಶಗಳನ್ನೂ ಪರೀಕ್ಷೆಯಲ್ಲಿ ಬರೆದಿದ್ದೇವೆ. ಈ ವಿವರಣೆಗಳಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಕೊಡುವ ಉದಾಹರಣೆಗಳೆಲ್ಲ ದೊಡ್ಡ ವಿಜ್ಞಾನಿಗಳದ್ದು, ದೊಡ್ಡ ಕವಿಗಳದ್ದು. ಓದಿದವರಿಗೆ ಹೊಳಹು ಎಂದರೆ ಆಯುಷ್ಯದಲ್ಲಿ ಒಮ್ಮೆ ಬೀಳುವ ಸಿಡಿಲು ಅನ್ನಿಸಿಬಿಡುತ್ತದೆ. ಬೆಳಿಗ್ಗೆ 6 ಗಂಟೆಗೆ ಅಂಗಳ ಸಾರಿಸಿ, ಹಾಲಿನವನು ಬರುವಷ್ಟರಲ್ಲಿ ಒಂದು ಹೊಸ ವಿನ್ಯಾಸ ಬಿಡಿಸಿ ಒಳಗೆ ಹೋಗುವವರ ಕೆಲಸಕ್ಕೂ ಇದೇ ನಾಲ್ಕು ಹಂತ ಅನ್ವಯಿಸುತ್ತವೆ ಎಂದು ಯಾವ ಗೈಡ್‌ನಲ್ಲೂ ನಾನು ಓದಿಲ್ಲ.

ಗೇಟಿನ ಮುಂದಿನ ರಂಗೋಲಿ

ಆ ಶಾಲೆಯ ಗೇಟಿನ ಮುಂದೆ ದಿನವೂ ರಂಗೋಲಿ ಹಾಕುವವರು ಬಿಸಿಯೂಟದ ಅಡುಗೆಯ ಅಕ್ಕ. ಅದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಬೇಳೆ ಬೇಯಲು ಇಡುವ ಮೊದಲು ಹತ್ತು ನಿಮಿಷ ಸಿಗುತ್ತದೆ, ಹಾಕುತ್ತಾರೆ. ಮೊದಲ ವಾರವೆಲ್ಲ ನಾನು ಬೇಗ ಹೋಗಿ ನೋಡುತ್ತಾ ನಿಂತೆ. ಹೆಬ್ಬೆರಳು ತೋರುಬೆರಳ ಸಂದಿನಿಂದ ಪುಡಿ ಒಂದೇ ದಪ್ಪದಲ್ಲಿ ಇಳಿಯಬೇಕು. ಕೈ ನೆಲಕ್ಕೆ ತಾಗಬಾರದು. ಗೆರೆ ಎಳೆಯುವಾಗ ಮಣಿಕಟ್ಟು ಅಲ್ಲಾಡುವುದಿಲ್ಲ, ತೋಳು ಪೂರ್ತಿ ತಿರುಗುತ್ತದೆ. ನನಗೆ ಮನೆಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ, ಗಂಡುಮಕ್ಕಳಿಗೆ ಕಲಿಸುವ ರೂಢಿ ನಮ್ಮಲ್ಲಿ ಇಲ್ಲ. ಹಾಗಾಗಿ ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಲಿತೆ.

ಈವತ್ತು ಯಾವುದು ಹಾಕಬೇಕು ಅಂತ ಮೊದಲೇ ಯೋಚನೆ ಮಾಡಿರ್ತೀರಾ ಅಕ್ಕಾ, ಎಂದು ಒಂದು ದಿನ ಕೇಳಿದೆ.

"ಏನ್ ಯೋಚ್ನೆ ಮಾಡಾದು ಮೇಷ್ಟ್ರೇ? ಮೊದ್ಲು ಚುಕ್ಕಿ ಇಕ್ಕದು. ಇಕ್ಕ್ತಾ ಇಕ್ಕ್ತಾ ಕೈಗೇ ಗೊತ್ತಾಯ್ತದೆ. ನೆನ್ನೆ ಹಾಕಿದ್ದು ಇವತ್ತು ಬ್ಯಾಡ, ಅಷ್ಟೆಯ."

ಈ ಉತ್ತರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಇದರಲ್ಲಿ ಮೂರು ಸಂಗತಿಗಳಿವೆ. ಒಂದು, ಅವರು ಖಾಲಿ ನೆಲದಿಂದ ಶುರು ಮಾಡುವುದಿಲ್ಲ, ಚುಕ್ಕಿಯಿಂದ ಶುರು ಮಾಡುತ್ತಾರೆ. ಚುಕ್ಕಿ ಇಡುವುದಕ್ಕೆ ಸ್ಫೂರ್ತಿ ಬೇಡ, ಎಣಿಕೆ ಬಂದರೆ ಸಾಕು. ಎರಡು, ನಿಯಮ ಒಂದೇ: ನಿನ್ನೆಯದು ಇವತ್ತು ಬೇಡ. ಮೂರನೆಯದನ್ನು ಅವರು ಹೇಳಲಿಲ್ಲ, ನಾನು ನೋಡಿದ್ದು. ಮಧ್ಯಾಹ್ನ ಊಟದ ಬೆಲ್ ಆಗುವಷ್ಟರಲ್ಲಿ ಮಕ್ಕಳ ಕಾಲಿಗೆ ಸಿಕ್ಕಿ ರಂಗೋಲಿ ಅಳಿಸಿಹೋಗಿರುತ್ತದೆ. ಅದಕ್ಕೆ ಅವರಿಗೆ ಬೇಸರವಿಲ್ಲ. ಅಳಿಯುವುದೆಂದು ಗೊತ್ತಿರುವ ಕೆಲಸದಲ್ಲಿ ಕೈಗೆ ಹೆದರಿಕೆ ಕಡಿಮೆ. ನಾಳೆ ಮತ್ತೊಂದು ಅಂಗಳ ಇದ್ದೇ ಇದೆಯಲ್ಲ.

ಅದು ಧನುರ್ಮಾಸದ ಕಾಲವಾದ್ದರಿಂದ ಊರಿನ ಪ್ರತಿ ಬಾಗಿಲಲ್ಲೂ ಬೆಳಿಗ್ಗೆ ದೊಡ್ಡ ರಂಗೋಲಿಗಳಿದ್ದವು. ಬೋಧನೋಪಕರಣಕ್ಕೆ ಬೇರೆ ಖರ್ಚು ಬೇಕಾಗಲಿಲ್ಲ.

ತರಗತಿಯಲ್ಲಿ

ಪ್ರತಿ ಗಣಿತ ಅವಧಿಯ ಮೊದಲ 5 ನಿಮಿಷವನ್ನು ಇದಕ್ಕೆ ಇಟ್ಟೆ. ಮಧ್ಯದ ಸಾಲಿನಲ್ಲಿ 5, ಅದರ ಮೇಲೆ ಕೆಳಗೆ 3, ತುದಿಗಳಲ್ಲಿ 1, ಒಟ್ಟು 13 ನೇರ ಚುಕ್ಕಿ. ವರಾಂಡದ ನೆಲದಲ್ಲಿ ಸೀಮೆಸುಣ್ಣದಿಂದ ಬಿಡಿಸಬೇಕು, ಜಾಗ ಸಿಗದವರು ಸ್ಲೇಟಿನಲ್ಲಿ. ನಿನ್ನೆಯದು ಇವತ್ತು ಬೇಡ. 5 ನಿಮಿಷ ಮುಗಿದ ಮೇಲೆ ನೋಟ್‌ಬುಕ್‌ನಲ್ಲಿ ಎರಡೇ ಸಂಖ್ಯೆ ಬರೆಯಬೇಕು: ನನ್ನ ವಿನ್ಯಾಸಕ್ಕೆ ಸಮಮಿತಿ ರೇಖೆಗಳು ಎಷ್ಟು, ಎಷ್ಟು ಡಿಗ್ರಿ ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುತ್ತದೆ. ಆಮೇಲೆ ಅಳಿಸಬೇಕು. ಫೋಟೊ ಇಲ್ಲ, ಗೋಡೆಗೆ ಅಂಟಿಸುವುದೂ ಇಲ್ಲ.

ಮೊದಲ ದಿನವೇ ಎರಡು ತಕರಾರು ಬಂದವು. ಹಿಂದಿನ ಬೆಂಚಿನಿಂದ, "ಸಾ, ಇದು ಹುಡ್ಗೀರ್ ಕೆಲ್ಸ." ಮುಂದಿನ ಬೆಂಚಿನಿಂದ, "ಸರ್, ಫೋನ್ ನೋಡ್ದೆ ಬರಲ್ಲ." ಮೊದಲನೆಯದಕ್ಕೆ ನಾನು ಸೀಮೆಸುಣ್ಣ ಹಿಡಿದು ನೆಲಕ್ಕೆ ಕೂತದ್ದೇ ಉತ್ತರವಾಯಿತು. ಜೊತೆಗೆ ಆಫ್ರಿಕಾದ ಅಂಗೋಲ ದೇಶದ ಚೋಕ್ವೆ ಜನರ ವಿಷಯ ಹೇಳಿದೆ. ಅವರಲ್ಲಿ ಮರಳಿನ ಮೇಲೆ ಬೆರಳಿನಿಂದ ಚುಕ್ಕಿಯಿಟ್ಟು, ಅವುಗಳ ಸುತ್ತ ಎಳೆ ಎಳೆದು, ಎಳೆಯುತ್ತಲೇ ಕಥೆ ಹೇಳುವ ಪದ್ಧತಿಯಿತ್ತು. ಆ ಚಿತ್ರಗಳಿಗೆ 'ಸೋನ' ಎನ್ನುತ್ತಾರೆ. ಅದರ ನಿಪುಣರು ಗಂಡಸರು. ಹುಡುಗರ ಮುಖ ಸ್ವಲ್ಪ ಸಡಿಲವಾಯಿತು.

ಎರಡನೆಯ ತಕರಾರು ಇಷ್ಟು ಬೇಗ ಬಗೆಹರಿಯುವಂಥದ್ದಲ್ಲ. ಫೋನಿನಲ್ಲಿ ನೋಡುವುದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಮ್ಮ ಅಮ್ಮಂದಿರೂ ವಾರಪತ್ರಿಕೆಯಲ್ಲಿ ಬಂದ ರಂಗೋಲಿಯನ್ನು ಕತ್ತರಿಸಿ ಇಟ್ಟುಕೊಂಡವರೇ. ಆದರೆ ಆ ಪುಟದಲ್ಲಿ '7ರಿಂದ 4 ಸಂದು ಚುಕ್ಕಿ' ಎಂಬ ಸೂಚನೆ ಇರುತ್ತಿತ್ತು. ಚುಕ್ಕಿಯಿಂದ ಶುರು ಮಾಡಿ ನಾವೇ ಕಟ್ಟಬೇಕಿತ್ತು, ಕಟ್ಟುವಾಗ ಒಂದು ಎಳೆ ಬೇರೆ ಕಡೆ ಹೋದರೆ ಹೊಸದೇ ಹುಟ್ಟುತ್ತಿತ್ತು. ಫೋನಿನಲ್ಲಿ ಕಾಣುವುದು ಬಣ್ಣ ತುಂಬಿ ಮುಗಿದ ರಂಗೋಲಿ. ಅದು ಹುಟ್ಟಿದ ದಾರಿ ಅಲ್ಲಿ ಕಾಣದು.

ಮೊದಲ ಮೂರು ದಿನ ಎಲ್ಲರೂ ಗೊತ್ತಿದ್ದುದನ್ನೇ ಬಿಡಿಸಿದರು. ಕಮಲ, ನಕ್ಷತ್ರ, ದೀಪ. ನಾಲ್ಕನೇ ದಿನ, "ಖಾಲಿಯಾಯ್ತು ಸರ್." ಇದೇ ಹಂತಕ್ಕೆ ನಾನು ಕಾಯುತ್ತಿದ್ದೆ. ಗೊತ್ತಿರುವುದೆಲ್ಲ ಮುಗಿಯುವವರೆಗೆ ಹೊಸದಕ್ಕೆ ಜಾಗವಿರುವುದಿಲ್ಲ. ದಿನವೂ ಮಾಡುವ ಕೆಲಸದ ಲಾಭ ಎಂದರೆ ಈ ಮುಗಿಯುವುದು ಬೇಗ ಆಗುತ್ತದೆ. ಆ ದಿನ ಅಕ್ಕನನ್ನು ತರಗತಿಗೆ ಕರೆದೆ. ಕೈಯಲ್ಲಿ ಸೌಟು ಹಿಡಿದೇ ಬಂದವರು ಒಂದೇ ಮಾತು ಹೇಳಿ ಹೋದರು: "ನೆನ್ನೆ ಯಾವ್ ಚುಕ್ಕಿ ಬಿಟ್ಟಿದ್ರೋ ಅಲ್ಲಿಂದ ಶುರು ಮಾಡ್ರಪ್ಪ." ಸೃಜನಶೀಲತೆಯ ಬೋಧನೆಯ ಬಗ್ಗೆ ನಾನು ಈ ವರ್ಷ ಕೇಳಿದ ಅತ್ಯಂತ ಉಪಯುಕ್ತ ಮಾತು ಇದು.

ಏಳನೇ ದಿನ ಒಂದು ಘಟನೆ ನಡೆಯಿತು. ಗಣಿತದಲ್ಲಿ ಬಹಳ ಹಿಂದಿದ್ದ, ಯಾವುದಕ್ಕೂ 'ನಂಗೆ ಬರಲ್ಲ ಸಾ' ಎನ್ನುತ್ತಿದ್ದ ಒಬ್ಬ ಹುಡುಗ ನಾಲ್ಕೂ ತುದಿಯ ಚುಕ್ಕಿಗಳಿಗೆ ಒಂದೊಂದು ಎಲೆ ಹಾಕಿದ್ದ. ಎಲ್ಲ ಎಲೆಗಳೂ ಬಲಕ್ಕೇ ಬಾಗಿದ್ದವು. ಪಕ್ಕದವರು ನಕ್ಕರು. "ಸೊಟ್ಟಗದೆ ಕಣೋ." ಅವನು ಅಳಿಸಲು ಕೈ ಇಟ್ಟ. ಅಳಿಸಬೇಡ ಎಂದು ನಿಲ್ಲಿಸಿ, ಅದನ್ನು ಟ್ರೇಸಿಂಗ್ ಹಾಳೆಗೆ ಇಳಿಸಿಕೊಳ್ಳಲು ಹೇಳಿದೆ. ಮಡಚಿ ನೋಡಿದೆವು. ಎಲ್ಲಿ ಮಡಚಿದರೂ ಅರ್ಧಕ್ಕೆ ಅರ್ಧ ಕೂಡಲಿಲ್ಲ. ಸಮಮಿತಿ ರೇಖೆ ಸೊನ್ನೆ. ಹಾಗಾದರೆ ಇದರಲ್ಲಿ ಸಮಮಿತಿ ಇಲ್ಲವೇ? ನಡುವಿನ ಚುಕ್ಕಿಗೆ ಗುಂಡುಪಿನ್ನು ಚುಚ್ಚಿ ಹಾಳೆಯನ್ನು ನಿಧಾನವಾಗಿ ತಿರುಗಿಸಲು ಅವನಿಗೇ ಹೇಳಿದೆ. 90 ಡಿಗ್ರಿಗೆ ಎಲೆಯ ಮೇಲೆ ಎಲೆ ಕೂತಿತು. ಮತ್ತೆ 180ಕ್ಕೆ, 270ಕ್ಕೆ. "ಗಿರಿಗಿಟ್ಲೆ!" ಎಂದು ಯಾರೋ ಕೂಗಿದರು.

ಪಠ್ಯಪುಸ್ತಕದ ಪರಿಭ್ರಮಣ ಸಮಮಿತಿ, ಅಂದರೆ ಮಡಚಿದರೆ ಹೊಂದದ ಆಕೃತಿಯೂ ತಿರುಗಿಸಿದರೆ ಹೊಂದಬಹುದು ಎಂಬ ಪರಿಕಲ್ಪನೆಗೆ ನಾನು ಪ್ರತ್ಯೇಕ ಅವಧಿ ಇಟ್ಟುಕೊಂಡಿದ್ದೆ. ಅದು ಬೇಕಾಗಲಿಲ್ಲ. ಮರುದಿನ ವರಾಂಡದ ತುಂಬ ಗಿರಿಗಿಟ್ಲೆಗಳು. ಆ ಹುಡುಗ ಮಾತ್ರ ಎಡಕ್ಕೆ ಬಾಗಿದ ಎಲೆಗಳನ್ನು ಹಾಕಿದ್ದ. ನಿನ್ನೆಯದು ಇವತ್ತು ಬೇಡವಲ್ಲ.

ಎರಡನೇ ವಾರ ಮಕ್ಕಳೇ ಒಂದು ಮಿತಿಯನ್ನು ಕಂಡುಕೊಂಡರು. ಎಷ್ಟು ಪ್ರಯತ್ನಿಸಿದರೂ ಈ 13 ಚುಕ್ಕಿಯಲ್ಲಿ 60 ಡಿಗ್ರಿಗೆ ಹೊಂದುವ ವಿನ್ಯಾಸ ಬರುವುದಿಲ್ಲ. ನೇರ ಚುಕ್ಕಿಯ ಜಾಲ 90 ಮತ್ತು 180 ಡಿಗ್ರಿಗಳಿಗೆ ಮಾತ್ರ ಒಪ್ಪುತ್ತದೆ. ಮೇಲಿನ ಸಾಲಿನ ಚುಕ್ಕಿ ಕೆಳಗಿನ ಎರಡು ಚುಕ್ಕಿಗಳ ಸಂದಿಗೆ ಬರುವಂತೆ ಇಟ್ಟರೆ, ಮಧ್ಯದಲ್ಲಿ 5, ಎರಡೂ ಕಡೆ 4, 3, ಒಟ್ಟು 19 ಚುಕ್ಕಿಯ ಷಡ್ಭುಜ ಸಿಗುತ್ತದೆ. ಅಲ್ಲಿ 60 ಬರುತ್ತದೆ, 120 ಬರುತ್ತದೆ, ಆದರೆ 90 ಬರುವುದಿಲ್ಲ. ರಂಗೋಲಿ ಹಾಕುವವರು 'ನೇರ', 'ಸಂದು' ಎಂದು ವಿಂಗಡಿಸಿರುವುದರ ಹಿಂದೆ ಇಷ್ಟು ಗಣಿತವಿದೆ.

ಎಳೆ ಎಷ್ಟು?

ಮೂರನೇ ವಾರ ಚುಕ್ಕಿಗಳನ್ನು ಕೂಡಿಸುವ ರಂಗೋಲಿಯಿಂದ ಚುಕ್ಕಿಗಳನ್ನು ಸುತ್ತಿ ಹೋಗುವ ಎಳೆಯ ರಂಗೋಲಿಗೆ ಬಂದೆವು. ಆಯತಾಕಾರದಲ್ಲಿ ಚುಕ್ಕಿ ಇಡಬೇಕು. ಎಳೆ ಚುಕ್ಕಿಗಳ ನಡುವೆ ಓರೆಯಾಗಿ ಸಾಗಬೇಕು, ಅಂಚಿಗೆ ಬಂದಾಗ ಕೇರಂ ಬೋರ್ಡಿನ ಕಾಯಿ ದಡಕ್ಕೆ ಬಡಿದು ತಿರುಗುವಂತೆ ತಿರುಗಬೇಕು, ಹೊರಟಲ್ಲಿಗೆ ಬಂದು ಸೇರಬೇಕು. ಯಾವುದಾದರೂ ಚುಕ್ಕಿಯ ಸುತ್ತ ಎಳೆ ಪೂರ್ತಿಯಾಗದೆ ಉಳಿದಿದ್ದರೆ ಅಲ್ಲಿಂದ ಇನ್ನೊಂದು ಎಳೆ ಶುರು. ಪ್ರಶ್ನೆ: ಒಟ್ಟು ಎಷ್ಟು ಎಳೆ ಬೇಕು?

2 ಸಾಲು 3 ಚುಕ್ಕಿಗೆ ಒಂದೇ ಎಳೆ ಸಾಕಾಯಿತು. 3ಕ್ಕೆ 3 ಇಟ್ಟರೆ ಮೂರು ಎಳೆ. 2ಕ್ಕೆ 4ಕ್ಕೆ ಎರಡು, 3ಕ್ಕೆ 4ಕ್ಕೆ ಮತ್ತೆ ಒಂದೇ. ಮಕ್ಕಳು ಕರಿಹಲಗೆಯ ಮೇಲೆ ಪಟ್ಟಿ ಮಾಡುತ್ತಾ ಹೋದರು. 4ಕ್ಕೆ 6ರ ಹೊತ್ತಿಗೆ ಬಿಡಿಸುವ ಮೊದಲೇ ಊಹೆ ಹೇಳತೊಡಗಿದ್ದರು. ಎರಡು ಎಂದವಳು ಕಾರಣ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇದು ಹೋದ ವರ್ಷದ ಮ.ಸಾ.ಅ. ಅಲ್ವಾ?" ಎಂದಳು. ಹೌದು. ಸಾಲುಗಳ ಸಂಖ್ಯೆ ಮತ್ತು ಸಾಲಿನಲ್ಲಿರುವ ಚುಕ್ಕಿಗಳ ಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆಗಳು. ಮೊಜಾಂಬಿಕ್‌ನ ಗಣಿತಜ್ಞ ಪೌಲಸ್ ಗೆರ್ಡೆಸ್ ಚೋಕ್ವೆ ಚಿತ್ರಗಳನ್ನು ಅಧ್ಯಯನ ಮಾಡಿ ಈ ನಿಯಮವನ್ನು ವಿವರಿಸಿದ್ದಾರೆ. ನಮ್ಮ ನೆರೆಯಲ್ಲೇ, 1970ರ ದಶಕದಲ್ಲಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಅವರ ಸಂಗಡಿಗರು ತಮಿಳುನಾಡಿನ ಕೋಲಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣ ನಿಯಮಗಳ ಮೂಲಕ ವಿವರಿಸಿದರು. 6ನೇ ತರಗತಿಯಲ್ಲಿ ಭಾಗಾಕಾರದ ಏಣಿ ಹಾಕಿ ಕಲಿತು ಮರೆತಿದ್ದ ಮ.ಸಾ.ಅ. ವರಾಂಡದ ನೆಲದಲ್ಲಿ ಹೀಗೆ ಎದುರಾಗುತ್ತದೆ ಎಂದು ಆ ತರಗತಿ ಎಣಿಸಿರಲಿಲ್ಲ. ಅವಳ ಆ ಸುಮ್ಮನಿದ್ದ ಕ್ಷಣವನ್ನು ವಾಲಸ್‌ನ ಯಾವ ಹಂತಕ್ಕೆ ಸೇರಿಸಬೇಕು ಎಂಬುದನ್ನು ಓದುಗರಿಗೇ ಬಿಡುತ್ತೇನೆ.

ಅವಲೋಕನದ ದಿನ ಮತ್ತು ಸ್ಪರ್ಧೆಯ ದಿನ

ಪಾಠ ಅವಲೋಕನಕ್ಕೆ ಬಂದ ಮಾರ್ಗದರ್ಶಕರು ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಚಟುವಟಿಕೆ ಚೆನ್ನಾಗಿದೆ. ಆದರೆ ಇದರಲ್ಲಿ ಗಣಿತ ಎಷ್ಟು, ಕಲೆ ಎಷ್ಟು?" ರಾಷ್ಟ್ರೀಯ ಶಿಕ್ಷಣ ನೀತಿ 2020 ಕಲಾ ಸಂಯೋಜಿತ ಕಲಿಕೆಯನ್ನು ಹೇಳುತ್ತದೆ ಎಂದು ಉತ್ತರಿಸಿ ಪಾರಾಗಬಹುದಿತ್ತು. ನಾನು ಮಕ್ಕಳ ನೋಟ್‌ಬುಕ್‌ಗಳನ್ನು ತೋರಿಸಿದೆ. ಪ್ರತಿ ದಿನದ ಎರಡು ಸಂಖ್ಯೆಗಳು ಅಲ್ಲಿದ್ದವು. ಮೊದಲ ವಾರ ಹೆಚ್ಚಿನವರದ್ದು '4 ರೇಖೆ, 90 ಡಿಗ್ರಿ'. ಕಮಲ, ನಕ್ಷತ್ರಗಳೆಲ್ಲ ಹಾಗೆಯೇ. ಎರಡನೇ ವಾರ '0 ರೇಖೆ, 90', '2 ರೇಖೆ, 180', '1 ರೇಖೆ, 360' ಎಲ್ಲವೂ ಕಾಣಿಸಿಕೊಂಡಿವೆ. ಚಿತ್ರಗಳು ಅಳಿಸಿಹೋಗಿದ್ದರೂ ವೈವಿಧ್ಯ ಹೇಗೆ ಬೆಳೆಯಿತು ಎಂಬ ಲೆಕ್ಕ ಉಳಿದಿತ್ತು. ಪಾಠ ಯೋಜನೆಯ ಖಾಲಿ ಅಂಕಣದಲ್ಲಿ ನಾನು ಬರೆಯುವುದು ಇನ್ನು ಇದನ್ನೇ.

ಸಂಕ್ರಾಂತಿಯ ಮುನ್ನ ಶಾಲೆಯಲ್ಲಿ ರಂಗೋಲಿ ಸ್ಪರ್ಧೆ ಏರ್ಪಟ್ಟಿತು. ನನ್ನ ತರಗತಿಯವರೂ ಉತ್ಸಾಹದಿಂದ ಸೇರಿದರು. ಅಂದು ಅಂಗಳದಲ್ಲಿ ಕಂಡದ್ದು ನವಿಲು, ಕಬ್ಬು, ಮಡಕೆ, ಐದಾರು ಬಣ್ಣ, ಎಲ್ಲವೂ ಮನೆಯಿಂದ ನೋಡಿಕೊಂಡು ಬಂದದ್ದು. 20 ದಿನಗಳಲ್ಲಿ ತಾವೇ ಕಂಡುಕೊಂಡಿದ್ದ ಒಂದು ವಿನ್ಯಾಸವನ್ನೂ ಯಾರೂ ಹಾಕಲಿಲ್ಲ. ಇದು ಸಹಜ. ಬಹುಮಾನ ಇರುವಲ್ಲಿ ಯಾರಾದರೂ ಖಚಿತವಾದುದನ್ನೇ ಆರಿಸುತ್ತಾರೆ. ಸ್ಪರ್ಧೆ ಬೇಡ ಎನ್ನುವಷ್ಟು ದೊಡ್ಡವನು ನಾನಲ್ಲ. ಆದರೆ ಅಂಕ, ಬಹುಮಾನ, ಪ್ರದರ್ಶನ ಯಾವುದೂ ಇಲ್ಲದ 5 ನಿಮಿಷ ಪ್ರತ್ಯೇಕವಾಗಿ ಉಳಿದಿರಬೇಕು ಎಂಬ ನನ್ನ ಅಭಿಪ್ರಾಯ ಅಂದು ಗಟ್ಟಿಯಾಯಿತು.

ಈ ಪಾಠವನ್ನು ಬೇರೆಡೆ ಮಾಡಲಿಚ್ಛಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಸೂಕ್ಷ್ಮಗಳನ್ನು ಹೇಳಬೇಕು. ರಂಗೋಲಿ ಎಲ್ಲ ಮಕ್ಕಳ ಮನೆಯ ಕಲೆಯಲ್ಲ. ನನ್ನ ತರಗತಿಯ ಇಬ್ಬರು ಮುಸ್ಲಿಂ ಹುಡುಗಿಯರು ಮೆಹಂದಿಯ ಬಳ್ಳಿಗಳನ್ನು 13 ಚುಕ್ಕಿಗೆ ಹೊಂದಿಸಿದರು. ಅಂಗೈಯ ನಡುವಿನ ವೃತ್ತದಿಂದ ಶುರುವಾಗುವ ಅವರ ವಿನ್ಯಾಸಗಳು ಮಿಕ್ಕವರಿಗೆ ಹೊಸ ದಾರಿ ತೋರಿಸಿದವು. ಸಾಗರದ ಕಡೆ ಹೋಗುವವರಿಗೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವಿದೆ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಬರೆಯುವ ಆ ಗೆರೆಗಳಲ್ಲಿ ಸಮಮಿತಿಗೆ ಬೇಕಾದಷ್ಟು ಉದಾಹರಣೆಗಳು ಸಿಗುತ್ತವೆ.

ಇನ್ನೊಂದು. ಸಾವಾದ ಮನೆಯ ಮುಂದೆ ಸೂತಕ ಕಳೆಯುವವರೆಗೆ ರಂಗೋಲಿ ಹಾಕುವುದಿಲ್ಲ. ಎರಡನೇ ವಾರ ಒಬ್ಬ ಹುಡುಗಿ ನಾಲ್ಕು ದಿನದ ರಜೆಯ ನಂತರ ಬಂದಳು. ಅಜ್ಜಿ ತೀರಿಕೊಂಡಿದ್ದರು. ಅವಳಿಗೆ ಚುಕ್ಕಿ ಇಡಲು ಕಲಿಸಿದ್ದು ಅದೇ ಅಜ್ಜಿ. ವರಾಂಡದಲ್ಲಿ ಎಲ್ಲರೂ ಕೂತಾಗ ಇವಳು ಕಂಬಕ್ಕೆ ಒರಗಿ ನಿಂತಳು. "ನಮ್ಮನೇಲಿ ಈಗ ಹಾಕಂಗಿಲ್ಲ ಸರ್." ನಾನು ಏನೂ ಹೇಳದೆ ಪಕ್ಕದಲ್ಲಿ ನಿಂತೆ. ನೀರು ತರಲು ಬಂದಿದ್ದ ಅಕ್ಕ ಕೇಳಿಸಿಕೊಂಡು ಅವಳ ತಲೆ ಸವರಿದರು. "ಇದು ಲೆಕ್ಕದ್ ಚುಕ್ಕಿ ಕಣವ್ವ, ಹೊಸ್ಲುದಲ್ಲ. ನಿಂಗೆ ಮನ್ಸಾದ್ರೆ ಇಕ್ಕು, ಇಲ್ದಿದ್ರೆ ನಾಳಿಕ್ಕು." ಅವಳು ಅಂದು ಹಾಕಲಿಲ್ಲ. ಮರುದಿನ 13 ಚುಕ್ಕಿ ಇಟ್ಟು, ಗೆರೆ ಎಳೆಯದೆ, ಹಾಗೆಯೇ ಬಿಟ್ಟಳು. ನೋಟ್‌ಬುಕ್‌ನಲ್ಲಿ '4, 90' ಎಂದು ಬರೆದಿದ್ದಳು. ಸರಿಯಾಗಿಯೇ ಇತ್ತು. ಮೂರನೇ ದಿನ ಎಳೆ ಶುರುವಾಯಿತು.

ನನ್ನ ಅವಧಿ ಮುಗಿಯುವ ವಾರ ಮಕ್ಕಳು 'ಗೋಡೆ'ಯ ಆಟ ಹಿಡಿದಿದ್ದರು. ಎಳೆಗಳು ಅಡ್ಡ ಹಾಯುವ ಜಾಗದಲ್ಲಿ ಒಂದು ಕಡ್ಡಿ ಇಟ್ಟರೆ ಅಲ್ಲಿ ಅವು ದಾಟದೆ ಹಿಂದೆ ತಿರುಗುತ್ತವೆ. ಹಾಗೆ ಹಾಯುವುದು ಎರಡು ಬೇರೆ ಬೇರೆ ಎಳೆಗಳಾಗಿದ್ದರೆ ಅವು ಸೇರಿ ಒಂದಾಗುತ್ತವೆ. 3ಕ್ಕೆ 3ರ ಮೂರು ಎಳೆಗಳನ್ನು ಎರಡು ಗೋಡೆಗಳಿಂದ ಒಂದೇ ಎಳೆ ಮಾಡಿದರು. 4ಕ್ಕೆ 4ರ ನಾಲ್ಕು ಎಳೆಗಳಿಗೆ ಮೂರು ಗೋಡೆ ಸಾಕಾಯಿತು, ಆದರೆ ಮೂರು ಗೋಡೆ ಇಟ್ಟರೆ 90 ಡಿಗ್ರಿಯ ಸಮಮಿತಿ ಕೆಟ್ಟುಹೋಗುತ್ತದೆ. ಎಳೆಯೂ ಒಂದೇ ಇರಬೇಕು, 90ಕ್ಕೆ ತಿರುಗಿಸಿದರೂ ಹೊಂದಬೇಕು, ಗೋಡೆಗಳನ್ನು ಎಲ್ಲೆಲ್ಲಿ ಇಡಬೇಕು ಎಂದು 'ನಂಗೆ ಬರಲ್ಲ'ದ ಹುಡುಗ ಕಡ್ಡಿಗಳನ್ನು ಅತ್ತಿತ್ತ ಸರಿಸುತ್ತಾ ಕೂತಿದ್ದ. ಮುಂದಿನ ತಂಡದಿಂದ ಆ ಶಾಲೆಗೆ ಹೋಗುವವರು ಬೆಂಕಿಕಡ್ಡಿ ಪೊಟ್ಟಣ ಒಂದೆರಡು ಹೆಚ್ಚಿಗೆ ತೆಗೆದುಕೊಂಡು ಹೋಗಿ. ಅಡುಗೆಮನೆಯವನ್ನೆಲ್ಲ ನಾವು ಖಾಲಿ ಮಾಡಿದ್ದೇವೆ.